ಸೆರೆಮನೆಯ ಬಾಗಿಲಲ್ಲಿ ಸಂಶೋಧಕ



ಅಪರಾಧ ಮತ್ತು ದಂಡನೆಗಳನ್ನು ಕುರಿತು ಪಿಎಚ್.ಡಿ. ಪದವಿಗಾಗಿ ನಡೆಯುವ ಅಧ್ಯಯನವೇ ಇಂದಿನ ನನ್ನ ಭಾಷಣದ ವಿಷಯ. ಕನ್ನಡ ಎಂ.ಎ. ಮಾಡಿ, ಆಯುಷ್ಯದ ಬಹುಭಾಗವನ್ನು ಹಳಗನ್ನಡ ಕಾವ್ಯಗಳ ಪಾಠಪ್ರವಚನದಲ್ಲಿ ಕಳೆದು ನಿವೃತ್ತನಾದವನಿಗೆ ಪೊಲೀಸು, ನ್ಯಾಯಾಲಯ, ಸೆರೆಮನೆಗಳ ಗೊಡವೆ ಏಕೆಂದು ತಾವು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಈ ಶಾಸ್ತ್ರದ ಮೂಲಸಾಮಗ್ರಿ ಮನುಷ್ಯನ ಮಾತು. ಮಾತನ್ನು ಹೇಗೆ ಓದಬೇಕು, ಹೇಗೆ ಓದಬಾರದು ಎಂಬುದು ಭಾಷೆಯ ಅಧ್ಯಾಪಕನಿಗೆ ಹೊರತಾದ ವಿಚಾರವೇನೂ ಅಲ್ಲ. ನಮ್ಮ ಗ್ರಂಥಸಂಪಾದಕ ತಾಳೆಯೋಲೆಯನ್ನು ತಪ್ಪಾಗಿ ಓದಿದರೆ ಒಂದು ಪಾಠ ಕೆಡುತ್ತದೆ. ಇನ್ನೊಬ್ಬ ವಿದ್ವಾಂಸ ಮುಂದೆಂದಾದರೂ ಅದನ್ನು ತಿದ್ದುತ್ತಾನೆ. ಸೆರೆಯಲ್ಲಿರುವವನ ಮಾತನ್ನು ತಪ್ಪಾಗಿ ಓದಿದರೆ ಕೆಡುವುದು ಒಬ್ಬ ಮನುಷ್ಯನ ಬಾಳು. ಆ ಭೇದವನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳಲ್ಲಿ ಅಪರಾಧ ಮತ್ತು ನ್ಯಾಯಾಡಳಿತದ ಅಧ್ಯಯನವನ್ನು ‘ಮಾನವ ಸೇವೆಗಳು’ ಎಂಬ ದೊಡ್ಡ ವಿಭಾಗದ ಒಳಗೆ ಇರಿಸಿದ್ದಾರೆ. ಅನಾಥ ಮಕ್ಕಳ ಪಾಲನೆ, ಮಾನಸಿಕ ಆರೋಗ್ಯ, ಕುಡಿತ ಬಿಡಿಸುವ ಚಿಕಿತ್ಸೆ, ಮುದುಕರ ಆರೈಕೆ ಇವುಗಳ ಸಾಲಿನಲ್ಲಿಯೇ ಬಂದೀಖಾನೆಯೂ ಕುಳಿತಿದೆ. ಮೊದಲ ನೋಟಕ್ಕೆ ಇದು ವಿಚಿತ್ರವಾದ ಪಂಕ್ತಿ. ಒಂದು ಕಡೆ ಕೈಗೆ ಕೋಳ, ಇನ್ನೊಂದು ಕಡೆ ಕೈಗೆ ಊರುಗೋಲು. ಇವೆರಡೂ ಒಂದೇ ಶಾಸ್ತ್ರದ ಅಂಗಗಳಾದುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1841ರಲ್ಲಿ ಬಾಸ್ಟನ್ ನಗರದ ಪೊಲೀಸ್ ನ್ಯಾಯಾಲಯಕ್ಕೆ ಜಾನ್ ಅಗಸ್ಟಸ್ ಎಂಬ ಮೋಚಿ ಹೋಗಿ ಕುಳಿತುಕೊಂಡಿದ್ದ. ಮೋಚಿ ಎಂಬುದು ಅವನ ವೃತ್ತಿ. ಬೂಟು ತಯಾರಿಸುವುದು ಅವನ ಜೀವನೋಪಾಯ. ಕುಡಿತದ ಆರೋಪದ ಮೇಲೆ ಒಬ್ಬ ಮನುಷ್ಯನನ್ನು ಅಲ್ಲಿಗೆ ತಂದು ನಿಲ್ಲಿಸಿದ್ದರು. ಅಗಸ್ಟಸ್ ಅವನೊಡನೆ ಮಾತನಾಡಿದ, ಅವನ ಸ್ಥಿತಿಗತಿಯನ್ನು ವಿಚಾರಿಸಿದ, ತಾನೇ ಜಾಮೀನಾಗಿ ನಿಂತು ಬಿಡಿಸಿಕೊಂಡು ಹೋದ. ಮೂರು ವಾರಗಳ ತರುವಾಯ ಆ ಮನುಷ್ಯ ಮತ್ತೆ ನ್ಯಾಯಾಧೀಶರ ಎದುರು ನಿಂತಾಗ ಗುರುತು ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಸೆರೆವಾಸದ ಬದಲು ಒಂದು ಸೆಂಟ್ ದಂಡವನ್ನೂ ಖರ್ಚನ್ನೂ ವಿಧಿಸಿ ಕಳುಹಿಸಿದರು. ಅಲ್ಲಿಂದ ಮುಂದೆ ತನ್ನ ಜೀವಮಾನದಲ್ಲಿ ಅಗಸ್ಟಸ್ ಹೀಗೆ ಜಾಮೀನು ನೀಡಿ ಬಿಡಿಸಿದವರು 1,946 ಮಂದಿ. ಅವನು ತೀರಿಕೊಂಡದ್ದು 1859ರಲ್ಲಿ. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕಾನೂನು ಮಾಡಿ, ಬಾಸ್ಟನ್ ನಗರಕ್ಕೆ ಸಂಬಳದ ಪ್ರೊಬೇಷನ್ ಅಧಿಕಾರಿಯನ್ನು ನೇಮಿಸಲು ಅವಕಾಶ ಕಲ್ಪಿಸಿತು. ನಮ್ಮಲ್ಲಿ ಇಂದು ಪರಿವೀಕ್ಷಣಾಧಿಕಾರಿ ಎಂದು ಕರೆಯುವ ಹುದ್ದೆಯ ಮೂಲ ಅದು.

ಇಲ್ಲಿ ಗಮನಿಸಬೇಕಾದುದು ಅಗಸ್ಟಸನ ಕರುಣೆಯೊಂದನ್ನೇ ಅಲ್ಲ. ಅವನು ಯಾರನ್ನೂ ಕಣ್ಣುಮುಚ್ಚಿ ಬಿಡಿಸುತ್ತಿರಲಿಲ್ಲ. ಆ ಮನುಷ್ಯನ ವಯಸ್ಸು, ಹಿಂದಿನ ನಡತೆ, ಮುಂದೆ ಅವನು ಯಾರ ಸಹವಾಸದಲ್ಲಿ ಇರಬೇಕಾಗುತ್ತದೆ ಎಂಬುದನ್ನೆಲ್ಲ ವಿಚಾರಿಸುತ್ತಿದ್ದ; ವಿವರಗಳನ್ನು ಬರೆದು ಇಡುತ್ತಿದ್ದ. ಆಸರೆ ಕೊಡುವುದಕ್ಕೆ ಮೊದಲು ಅರಿಯಬೇಕು, ಅರಿಯಬೇಕಾದರೆ ಕೇಳಬೇಕು. ಸೇವೆ ಮತ್ತು ಸಂಶೋಧನೆ ಒಂದೇ ಬೇರಿನಿಂದ ಒಡೆದ ಎರಡು ಕವಲುಗಳೆಂಬುದಕ್ಕೆ ಈ ಮೋಚಿಯ ಬರಹವೇ ಸಾಕ್ಷಿ.

ಈ ಕವಲುಗಳು ವಿಶ್ವವಿದ್ಯಾನಿಲಯದ ಅಂಗಳವನ್ನು ಪ್ರವೇಶಿಸಿದ್ದು ಷಿಕಾಗೋ ನಗರದಲ್ಲಿ. ಅಮೆರಿಕದ ಮೊತ್ತಮೊದಲ ಬಾಲ ನ್ಯಾಯಾಲಯ ಅಲ್ಲಿ 1899ರಲ್ಲಿ ಆರಂಭವಾಯಿತು. ಅದರ ಮುಂದೆ ಬಂದ ಮಕ್ಕಳ ಮನೆಗಳ ಸ್ಥಿತಿಯನ್ನು ಶೋಧಿಸಿ ಸೋಫನಿಸ್ಬಾ ಬ್ರೆಕಿನ್‌ರಿಜ್ ಮತ್ತು ಎಡಿತ್ ಅಬಟ್ ಎಂಬ ಇಬ್ಬರು ವಿದುಷಿಯರು 1912ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಇಬ್ಬರೂ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿಯೇ ಡಾಕ್ಟರೇಟ್ ಪಡೆದವರು. 1920ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಸಮಾಜಸೇವಾಡಳಿತದ ಶಾಲೆ ತೆರೆಯಲು ಇವರೇ ಮುಖ್ಯ ಕಾರಣರು. ಬಡವರ ಮನೆಗೆ ಹೋಗಿ ಕಷ್ಟಸುಖ ವಿಚಾರಿಸುವುದು ದಯಾವಂತರ ಬಿಡುವಿನ ಕೆಲಸವೆಂದು ಜನ ತಿಳಿದಿದ್ದ ಕಾಲದಲ್ಲಿ, ಅದಕ್ಕೆ ಅಂಕಿಸಂಖ್ಯೆಗಳ ಶಿಸ್ತು ಬೇಕು, ಕಾನೂನಿನ ತಿಳಿವಳಿಕೆ ಬೇಕು, ಉನ್ನತ ವ್ಯಾಸಂಗ ಬೇಕು ಎಂದು ಅವರು ಸಾಧಿಸಿದರು.

ಅದೇ ನಗರದಲ್ಲಿ, ಅದೇ ಬಾಲ ನ್ಯಾಯಾಲಯದ ಪ್ರೊಬೇಷನ್ ಅಧಿಕಾರಿಯಾಗಿ ದುಡಿದವನು ಕ್ಲಿಫರ್ಡ್ ಷಾ. ಹಳ್ಳಿಗಾಡಿನಿಂದ ಬಂದವನು, ಹಗಲು ಉದ್ಯೋಗ, ಅದರ ಜೊತೆಗೆ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ವ್ಯಾಸಂಗ. ಕಳ್ಳತನ ಮಾಡಿ ಸಿಕ್ಕಿಬಿದ್ದ ಹುಡುಗರ ನಡುವೆಯೇ ಅವನ ದಿನಗಳು ಕಳೆಯುತ್ತಿದ್ದವು. ಅವನ ಕೆಲಸ ಎರಡು ಬಗೆಯದು. ಮೊದಲನೆಯದಾಗಿ ಅವನೂ ಅವನ ಸಹೋದ್ಯೋಗಿ ಹೆನ್ರಿ ಮೆಕೇಯೂ ನಗರದ ನಕ್ಷೆಯನ್ನು ಹರಡಿಕೊಂಡು, ನ್ಯಾಯಾಲಯಕ್ಕೆ ಬಂದ ಒಬ್ಬೊಬ್ಬ ಹುಡುಗನ ಮನೆ ಎಲ್ಲಿದೆಯೋ ಅಲ್ಲಿ ಒಂದೊಂದು ಚುಕ್ಕೆ ಇಟ್ಟರು. ಇಂಥ ಸಾವಿರಾರು ಚುಕ್ಕೆಗಳು. ನಗರದ ನಡುವಿನ ಕಾರ್ಖಾನೆಗಳ ಸುತ್ತ, ಹಳೆಯ ಮುರುಕು ಮನೆಗಳ ಕೇರಿಗಳಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಬಿದ್ದವು; ಹೊರಗೆ ಹೋದಂತೆ ವಿರಳವಾದವು. ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಹಿಂದಿನ ದಶಕಗಳ ದಾಖಲೆಗಳನ್ನು ಹೋಲಿಸಿ ನೋಡಿದಾಗ ಒಂದು ಮಹತ್ವದ ಸಂಗತಿ ಹೊರಟಿತು. ಆ ಕೇರಿಗಳಲ್ಲಿ ಮೊದಲು ಇದ್ದವರು ಜರ್ಮನರು, ಐರಿಷರು. ಆಮೇಲೆ ಬಂದವರು ಪೋಲೆಂಡಿನವರು, ಇಟಲಿಯವರು. ಜನ ಬದಲಾದರು, ಜನಾಂಗ ಬದಲಾಯಿತು. ಆ ಕೇರಿಯ ಬಾಲಾಪರಾಧದ ಪ್ರಮಾಣ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಕೇರಿಯನ್ನು ಬಿಟ್ಟು ಹೊರಗೆ ಹೋಗಿ ನೆಲೆಸಿದ ಅದೇ ಜನಾಂಗದವರಲ್ಲಿ ಅಪರಾಧ ಇಳಿದಿತ್ತು. ಎಂದ ಮೇಲೆ ದೋಷ ರಕ್ತದಲ್ಲಿದೆ ಎನ್ನುವ ವಾದಕ್ಕೆ ಆಧಾರವೆಲ್ಲಿ ಉಳಿಯಿತು?

ಈ ಒಂದು ಮಾತಿನ ಬೆಲೆಯನ್ನು ಅಳೆಯಬೇಕಾದರೆ ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಏನು ನಡೆದಿತ್ತೆಂಬುದನ್ನು ನೆನೆಯಬೇಕು. 1871ರಲ್ಲಿ ಬ್ರಿಟಿಷ್ ಸರಕಾರ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ತಂದಿತು. ಅಲೆಮಾರಿಗಳಾದ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಆ ಕಾನೂನು ಸಾರಿತು. ತೊಟ್ಟಿಲ ಕೂಸು ಯಾವ ತಪ್ಪು ಮಾಡುವುದಕ್ಕೂ ಮೊದಲೇ ಅಪರಾಧಿಯ ಪಟ್ಟ ಹೊತ್ತಿತು. ಹುಬ್ಬಳ್ಳಿಯಲ್ಲಿ ಇಂದಿಗೂ ‘ಸೆಟ್ಲ್‌ಮೆಂಟ್’ ಎಂದು ಕರೆಯುವ ಬಡಾವಣೆ ಇದೆ. ಇಂಥ ಜನರನ್ನು ಕಾವಲಿನಲ್ಲಿ ಇರಿಸಿದ್ದ ಸ್ಥಳದ ಹೆಸರು ಅದು. ಕಾಯಿದೆ ರದ್ದಾದುದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ. ಷಿಕಾಗೋ ನಕ್ಷೆಯ ಚುಕ್ಕೆಗಳು ಅಳಿಸಲು ಹೊರಟದ್ದು ಯಾವ ನಂಬಿಕೆಯನ್ನೋ ಅದೇ ನಂಬಿಕೆ ನಮ್ಮಲ್ಲಿ ಕಾನೂನಿನ ಪುಸ್ತಕದಲ್ಲಿ ಅಚ್ಚಾಗಿ ಕುಳಿತಿತ್ತು. ಒಳ್ಳೆಯ ಸಂಶೋಧನೆ ಏನು ಮಾಡಬಲ್ಲುದು, ಅದರ ಅಭಾವದಲ್ಲಿ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಷಾ ಮಾಡಿದ ಎರಡನೆಯ ಕೆಲಸ ನನ್ನಂಥವನಿಗೆ ಇನ್ನೂ ಹತ್ತಿರವಾದುದು. ಸಿಕ್ಕಿಬಿದ್ದ ಹುಡುಗರಿಂದ ಅವರ ಕಥೆಯನ್ನು ಅವರಿಂದಲೇ ಅವನು ಬರೆಸಿದ. ಅವರಲ್ಲಿ ಒಬ್ಬನಿಗೆ ಸ್ಟ್ಯಾನ್ಲಿ ಎಂಬ ಹೆಸರಿಟ್ಟು, ಅವನ ಆತ್ಮಕಥನವನ್ನು 1930ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಕುಡಿದು ಬಿದ್ದವರ ಜೇಬಿಗೆ ಕೈಹಾಕಿ ದೋಚುವ ಹುಡುಗನಿಗೆ ಷಿಕಾಗೋ ಬೀದಿಗಳಲ್ಲಿ ‘ಜಾಕ್ ರೋಲರ್’ ಎನ್ನುತ್ತಿದ್ದರು. ಪುಸ್ತಕಕ್ಕೂ ಅದೇ ಹೆಸರು. ಮಲತಾಯಿಯ ಕಾಟಕ್ಕೆ ಆರು ವರ್ಷ ತುಂಬಿದ ಹೊಸತರಲ್ಲಿಯೇ ಮನೆ ಬಿಟ್ಟು ಓಡಿದ ಮಗು, ಪೊಲೀಸ್ ಠಾಣೆ, ಬಾಲಕರ ಸುಧಾರಣಾಲಯ, ಸೆರೆಮನೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದ ಬಗೆ ಅದರಲ್ಲಿದೆ. ಹುಡುಗ ಹೇಳಿದ್ದೆಲ್ಲವೂ ನಿಜವೆಂದು ಷಾ ಎಲ್ಲಿಯೂ ವಾದಿಸಲಿಲ್ಲ. ಪೊಲೀಸ್ ದಾಖಲೆ, ವೈದ್ಯರ ವರದಿಗಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದ. ಆದರೆ ಹುಡುಗನ ಮಾತನ್ನು ತಿದ್ದಲಿಲ್ಲ. ತನ್ನನ್ನು ಸಮರ್ಥಿಸಿಕೊಳ್ಳುವಲ್ಲಿ, ಇತರರನ್ನು ದೂರುವಲ್ಲಿ, ಉತ್ಪ್ರೇಕ್ಷೆ ಮಾಡುವಲ್ಲಿ ಕೂಡ ಅವನ ಮನಸ್ಸು ಕಾಣುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಪಾಠಾಂತರವನ್ನು ಕಸವೆಂದು ಎಸೆಯದೆ ಅಡಿಟಿಪ್ಪಣಿಯಲ್ಲಿ ಕಾಪಾಡುವ ಸಂಪಾದಕನ ವಿವೇಕ ಇದು.

ಇನ್ನೂ ಒಂದು ವಿಶೇಷವಿದೆ. ಕಥೆ ಕೈಗೆ ಬಂದ ಮೇಲೆ ಷಾ ಆ ಹುಡುಗನನ್ನು ಮರೆಯಲಿಲ್ಲ. ಬೇರೆ ಪರಿಸರದಲ್ಲಿ ಅವನಿಗೆ ವಸತಿ ನೋಡಿ, ಉದ್ಯೋಗ ಹುಡುಕಿ, ವರ್ಷಗಟ್ಟಲೆ ಸಂಪರ್ಕ ಇಟ್ಟುಕೊಂಡಿದ್ದ. 1930ರ ದಶಕದಲ್ಲಿ ಅದೇ ಕೇರಿಗಳ ಜನರನ್ನೇ ಮುಂದಿಟ್ಟುಕೊಂಡು ಹುಡುಗರಿಗಾಗಿ ಒಂದು ಯೋಜನೆಯನ್ನೂ ಆರಂಭಿಸಿದ. ಪುಸ್ತಕದ ನಾಯಕ ಎಪ್ಪತ್ತರ ವೃದ್ಧನಾದಾಗ ಅವನ ಮಾತನ್ನು ಮತ್ತೆ ಕೇಳಿ, 1982ರಲ್ಲಿ ಇನ್ನೊಬ್ಬ ವಿದ್ವಾಂಸ ಮತ್ತೊಂದು ಪುಸ್ತಕ ಬರೆದ.

ಇಷ್ಟೆಲ್ಲ ಮಾಡಿದ ಕ್ಲಿಫರ್ಡ್ ಷಾನಿಗೆ ಪಿಎಚ್.ಡಿ. ಪದವಿ ಸಿಕ್ಕಲಿಲ್ಲ. ಮೆಕೇಗೂ ಸಿಕ್ಕಲಿಲ್ಲ. ಪದವಿಗೆ ಅಗತ್ಯವಾಗಿದ್ದ ವಿದೇಶೀ ಭಾಷೆಯ ಪರೀಕ್ಷೆಯನ್ನು ಅವರು ಪೂರೈಸಲಿಲ್ಲ ಎಂಬುದೇ ಕಾರಣ. ಮುಂದೆ ಅವರ ಗ್ರಂಥಗಳನ್ನು ಓದಿ, ಅವರ ಸಿದ್ಧಾಂತವನ್ನು ಖಂಡಿಸಿಯೋ ಮಂಡಿಸಿಯೋ ಡಾಕ್ಟರಾದವರು ಅನೇಕರು. ಹೀಗೆಂದು ಪದವಿ ವ್ಯರ್ಥವೆಂದು ನಾನು ಹೇಳುವುದಿಲ್ಲ. ಬ್ರೆಕಿನ್‌ರಿಜ್ ಮತ್ತು ಅಬಟ್ ಅವರ ವಿದ್ವತ್ತಿನ ಶಿಸ್ತು ಇಲ್ಲದೆ ಷಾನ ದಾರಿಯೂ ತೆರೆಯುತ್ತಿರಲಿಲ್ಲವೇನೋ. ಫ್ರೆಂಚನ್ನೋ ಜರ್ಮನನ್ನೋ ಕಲಿಯಬೇಕೆಂದು ವಿಶ್ವವಿದ್ಯಾನಿಲಯ ಕೇಳಿದ್ದೂ ತಪ್ಪಲ್ಲ. ಆದರೆ ಬೀದಿಯ ಹುಡುಗನ ಭಾಷೆ ಬರುತ್ತದೆಯೇ ಎಂದು ಯಾವ ಪರೀಕ್ಷಕರೂ ಕೇಳಲಿಲ್ಲ. ಈ ಶಾಸ್ತ್ರಕ್ಕೆ ಮೊದಲು ಬೇಕಾದ ಭಾಷೆ ಅದಲ್ಲವೇ?

ಷಿಕಾಗೋವಿನ ಈ ಪರಂಪರೆ ನಮಗೆ ದೂರದ್ದೇನೂ ಅಲ್ಲ. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ 1920ರ ದಶಕದಲ್ಲಿ ಮುಂಬಯಿಗೆ ಬಂದು, ನಾಗಪಾಡ ಎಂಬ ಬಡವರ ಕೇರಿಯಲ್ಲಿ ಸೇವಾಕೇಂದ್ರವನ್ನು ನಡೆಸಿದರು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯದ ಶಾಲೆ ಆರಂಭವಾದಾಗ ಅದರ ಮೊದಲ ನಿರ್ದೇಶಕರು ಅವರೇ. ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ ಅದು. ಅಪರಾಧ ಮತ್ತು ಸುಧಾರಣೆಯನ್ನು ಸಮಾಜಕಾರ್ಯದ ಅಂಗವಾಗಿ ಕಲಿಸುವ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿದ್ದು ಅಲ್ಲಿ. ಆ ಸಂಸ್ಥೆಯ ಆಶ್ರಯದಲ್ಲಿ 1990ರಲ್ಲಿ ಆರಂಭವಾದ ‘ಪ್ರಯಾಸ್’ ಎಂಬ ಯೋಜನೆಯ ಕಾರ್ಯಕರ್ತರು ಇಂದಿಗೂ ಸೆರೆಮನೆಗಳ ಒಳಗೆ ಹೋಗಿ, ವಕೀಲರಿಲ್ಲದವರಿಗೆ ಕಾನೂನಿನ ನೆರವು, ಬಿಡುಗಡೆಯಾದವರಿಗೆ ಉದ್ಯೋಗ, ಮನೆಯವರೊಡನೆ ಸಂಪರ್ಕ ಇವುಗಳಿಗಾಗಿ ದುಡಿಯುತ್ತಾರೆ. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿಯೂ ಅಪರಾಧಶಾಸ್ತ್ರದ ವಿಭಾಗವಿದೆ. ಹಾಗಾಗಿ ಈ ಮಾತು ನಮ್ಮ ಮನೆಯ ಮಾತೂ ಹೌದು.

ಇನ್ನು ಈ ವಿದ್ಯೆಯ ಕಪ್ಪು ಮುಖವನ್ನೂ ನೋಡಬೇಕು. ಫಿಲಡೆಲ್ಫಿಯಾ ನಗರದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರವರೆಗೆ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಕೈದಿಗಳ ಮೈಮೇಲೆ ಪ್ರಯೋಗಗಳನ್ನು ನಡೆಸಿದ. ಔಷಧ, ಸೌಂದರ್ಯಸಾಧನ, ರಾಸಾಯನಿಕ ಯಾವುದನ್ನೂ ಬಿಡಲಿಲ್ಲ. ಕೈದಿಗಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದರು, ಹಣವನ್ನೂ ಪಡೆದಿದ್ದರು ಎಂಬುದು ನಿಜ. ಆದರೆ ಒಳಗೆ ಬೇರೆ ಸಂಪಾದನೆ ಇಲ್ಲದವನು, ಜಾಮೀನಿಗೆ ಹಣ ಕೂಡಿಸಬೇಕಾದವನು, ಕಾವಲುಗಾರನ ಮರ್ಜಿಯಲ್ಲಿ ಬದುಕುವವನು ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ಬೇಡವೆನ್ನಲಾರದವನ ‘ಹೂಂ’ಗೆ ಅರ್ಥವೆಷ್ಟು? ಈ ಪ್ರಶ್ನೆ ಕಡೆಗೂ ಎದ್ದಿತು. ಕೈದಿಗಳನ್ನು ಬಳಸಿಕೊಳ್ಳುವ ಸಂಶೋಧನೆಗೆ ಅಮೆರಿಕ ಸರಕಾರ 1978ರಲ್ಲಿ ವಿಶೇಷ ನಿಯಮಗಳನ್ನು ಮಾಡಿತು. 1979ರಲ್ಲಿ ಪ್ರಕಟವಾದ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತ, ನ್ಯಾಯ ಎಂಬ ಮೂರು ತತ್ತ್ವಗಳನ್ನು ವಿಧಿಸಿ, ಕೈದಿಯ ಉದಾಹರಣೆಯನ್ನು ಹೆಸರಿಸಿಯೇ ಚರ್ಚಿಸಿತು. ಫಿಲಡೆಲ್ಫಿಯಾ ನಗರಾಡಳಿತ ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2022ರಲ್ಲಿ. ಅಷ್ಟು ಹೊತ್ತಿಗೆ ಆ ಪ್ರಯೋಗಗಳು ನಿಂತು ಸುಮಾರು ಅರ್ಧ ಶತಮಾನ ಕಳೆದಿತ್ತು.

ಪ್ರಶ್ನಾವಳಿ ಹಿಡಿದು ಹೋಗುವ ನಮ್ಮ ಸಂಶೋಧಕ ಯಾರ ಮೈಮೇಲೂ ಔಷಧ ಹಚ್ಚುವುದಿಲ್ಲ, ಸರಿ. ಆದರೆ ಜೈಲಿನ ಅಧಿಕಾರಿಯ ಜೊತೆಯಲ್ಲಿ ಒಳಗೆ ಬಂದವನನ್ನು ಕೈದಿ ಯಾರೆಂದು ತಿಳಿದಾನು? ಸರಕಾರದ ಮನುಷ್ಯನೆಂದೋ, ತನ್ನ ಬಿಡುಗಡೆಗೆ ಶಿಫಾರಸು ಮಾಡಬಲ್ಲವನೆಂದೋ ತಿಳಿದಾನು. ಆ ಆಸೆಯಿಂದ, ಇಲ್ಲವೇ ಭಯದಿಂದ ಅವನು ಉತ್ತರ ಕೊಡುತ್ತಾನೆ. ಅದು ನಿಜವಾದ ಉತ್ತರವೂ ಅಲ್ಲ, ನ್ಯಾಯವಾಗಿ ಪಡೆದ ಉತ್ತರವೂ ಅಲ್ಲ.

ನಮ್ಮ ಸೆರೆಮನೆಗಳಲ್ಲಿ ಇರುವವರು ಯಾರೆಂಬುದನ್ನೂ ಯೋಚಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಟಿಸಿದ ಲೆಕ್ಕದ ಪ್ರಕಾರ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿ ಇದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಎಂದರೆ ನೂರಕ್ಕೆ ಸುಮಾರು 76 ಮಂದಿಯ ಅಪರಾಧ ಇನ್ನೂ ಸಿದ್ಧವಾಗಿರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇಂಥವರಿಗಾಗಿ ಒಂದು ದಾರಿಯನ್ನು ಹೇಳಿದೆ. ಹಿಂದೆ ಎಂದೂ ಶಿಕ್ಷೆಗೆ ಗುರಿಯಾಗದವನು ತನ್ನ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರಿಗೆ ಅರ್ಧ ಭಾಗ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ. ಹಲವು ಮೊಕದ್ದಮೆಗಳಿರುವವರಿಗೂ ಇಲ್ಲ. ಕಾನೂನು ಇದೆ, ಅದು ನಿಜವಾಗಿ ಯಾರಿಗೆ ತಲುಪಿತು, ಯಾರ ಬಾಗಿಲಲ್ಲಿ ನಿಂತುಹೋಯಿತು, ಜಾಮೀನುದಾರ ಸಿಗದೆ ಒಳಗೇ ಉಳಿದವರ ಪಾಡೇನು ಎಂಬುದನ್ನು ಒಂದು ಜಿಲ್ಲೆಯ ಮಟ್ಟಿಗಾದರೂ ಹೆಸರು ಹೆಸರಾಗಿ ಶೋಧಿಸಬಲ್ಲವನು ಸಂಶೋಧಕ. ಅಂಥ ಒಂದು ಮಹಾಪ್ರಬಂಧ ಗ್ರಂಥಾಲಯದ ಕಪಾಟಿನಿಂದ ಎದ್ದು ನ್ಯಾಯಾಲಯದವರೆಗೂ ನಡೆಯಬಲ್ಲುದು.

ಇದು ಬರಿಯ ಆಸೆಯಲ್ಲ. ಸೆರೆಮನೆಗಳಲ್ಲಿ ಜಾತಿಯ ಪ್ರಕಾರ ಕೆಲಸ ಹಂಚುವ ಪದ್ಧತಿಯನ್ನು ಕುರಿತು ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ವಿವರವಾಗಿ ಶೋಧಿಸಿ ಬರೆದರು. ಆಮೇಲೆ ತಾವೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಜೈಲು ಕೈಪಿಡಿಗಳ ಆ ನಿಯಮಗಳು ಸಂವಿಧಾನಬಾಹಿರವೆಂದು 2024ರ ಅಕ್ಟೋಬರ್ 3ರಂದು ನ್ಯಾಯಾಲಯ ತೀರ್ಪು ನೀಡಿತು. 1871ರ ಕಾಯಿದೆಯ ನೆರಳು ಆ ಕೈಪಿಡಿಗಳಲ್ಲಿ ಇನ್ನೂ ಉಳಿದಿತ್ತೆಂಬುದು ಆ ತೀರ್ಪಿನಿಂದಲೇ ಸ್ಪಷ್ಟವಾಯಿತು. ಪತ್ರಿಕೆಯ ಒಂದು ಲೇಖನ ಮಾಡಬಲ್ಲ ಕೆಲಸವನ್ನು ಐದಾರು ವರ್ಷ ದುಡಿದು ಬರೆದ ಪ್ರಬಂಧ ಏಕೆ ಮಾಡಬಾರದು?

ಕಡೆಯದಾಗಿ ಭಾಷೆಯ ವಿಚಾರ. ಒಬ್ಬ ಕೈದಿ ‘ಕೈ ಮೀರಿ ಹೋಯ್ತು ಸ್ವಾಮಿ’ ಎನ್ನುತ್ತಾನೆ ಎಂದುಕೊಳ್ಳಿ. ಇಂಗ್ಲಿಷ್ ಪ್ರಶ್ನಾವಳಿಯಲ್ಲಿ ಅದು ‘ಕ್ಷಣಿಕ ಉದ್ವೇಗ’ ಎಂಬ ಮನೆಯಲ್ಲಿ ಒಂದು ಗುರುತಾಗಿ ಕುಳಿತುಕೊಳ್ಳುತ್ತದೆ. ಆದರೆ ಕೈ ಮೀರಿದ್ದು ಯಾವುದು? ಸಿಟ್ಟೇ, ಸಾಲವೇ, ಮನೆಯ ಜಗಳವೇ, ಊರಿನ ಕಟ್ಟುಪಾಡೇ? ಆ ಮಾತು ಇನ್ನೊಂದು ಪ್ರಶ್ನೆಯನ್ನು ಬೇಡುತ್ತಿತ್ತು. ಇನ್ನೊಬ್ಬ ‘ಹಣೆಬರಹ’ ಎನ್ನುತ್ತಾನೆ. ಅದನ್ನು ‘ಅದೃಷ್ಟವಾದ’ ಎಂದು ಬರೆದುಕೊಂಡರೆ ಮುಗಿಯಿತೇ? ಎಷ್ಟೋ ಸಲ ಆ ಪದ ಹೇಳಲಾರದ ದುಃಖದ ಮೇಲೆ ಎಳೆದ ಪರದೆ. ಮೊದಲೇ ಅವನ ಹೇಳಿಕೆ ಠಾಣೆಯಲ್ಲಿ ಬರೆಯುವವರ ಭಾಷೆಗೆ ತಿರುಗಿದೆ. ಆಮೇಲೆ ವಕೀಲರ ಭಾಷೆಗೆ ತಿರುಗಿದೆ. ಸಂಶೋಧಕನೂ ಮೂರನೆಯ ಸಲ ಅದನ್ನು ತಿರುಗಿಸಿಬಿಟ್ಟರೆ ಆಡಿದವನೇ ತನ್ನ ಮಾತನ್ನು ಗುರುತಿಸಲಾರ. ಇಂಗ್ಲಿಷಿನಲ್ಲಿ ಬರೆಯಬಾರದೆಂದು ನಾನು ಹೇಳುವುದಿಲ್ಲ. ಲೋಕದ ವಿದ್ವಾಂಸರಿಗೆ ತಲುಪಬೇಕಾದುದು ಆ ಭಾಷೆಯಲ್ಲಿ ಬರಲಿ. ಆದರೆ ಕನ್ನಡದಲ್ಲಿ ಆಡಿದ ಮಾತು ಕನ್ನಡದಲ್ಲಿಯೇ ಪ್ರಬಂಧದ ಒಳಗೆ ಉಳಿಯಲಿ. ಅದರ ಸಾರಾಂಶವಾದರೂ ಕನ್ನಡದಲ್ಲಿ ಅಚ್ಚಾಗಲಿ. ಜಿಲ್ಲೆಯ ಪರಿವೀಕ್ಷಣಾಧಿಕಾರಿ, ಜೈಲಿನ ಸಿಬ್ಬಂದಿ, ಹಳ್ಳಿಯಲ್ಲಿ ಕಾದಿರುವ ಕೈದಿಯ ತಾಯಿ ಇವರು ಓದಲಾರದ ಸೇವೆ ಯಾರ ಸೇವೆ?

ಈ ವಿಷಯದಲ್ಲಿ ಪಿಎಚ್.ಡಿ. ಮಾಡಲು ಹೊರಡುವ ತರುಣ ತರುಣಿಯರಿಗೆ ನನ್ನ ವಿನಂತಿ ನಾಲ್ಕೇ. ಎದುರಿಗೆ ಕುಳಿತವನಿಗೆ, ‘ನೀವು ಉತ್ತರಿಸದಿದ್ದರೂ ನಿಮಗೆ ಯಾವ ಕೇಡೂ ಇಲ್ಲ, ಉತ್ತರಿಸಿದರೆ ಬಿಡುಗಡೆಯೂ ಇಲ್ಲ’ ಎಂದು ಅವನ ಭಾಷೆಯಲ್ಲಿ ಮೊದಲು ಹೇಳಿ. ಅಧಿಕಾರಿಯನ್ನು ಕಿವಿಗೆ ನಿಲುಕದಷ್ಟು ದೂರ ನಿಲ್ಲಿಸಿ. ಅವನು ಹೇಳಿದ್ದನ್ನು ತಾಳೆ ನೋಡಿ, ಆದರೆ ತಿದ್ದಬೇಡಿ. ಪದವಿ ಬಂದ ಮೇಲೆ ನಿಮ್ಮ ಪ್ರಬಂಧದಿಂದ ಅವನಂಥವರಿಗೆ ಆಗಬಹುದಾದ ಒಂದು ಕೆಲಸವನ್ನಾದರೂ ಹುಡುಕಿ ಮಾಡಿ. ವಿಶ್ವವಿದ್ಯಾನಿಲಯಗಳ ಹಿರಿಯರಲ್ಲಿಯೂ ಒಂದು ಮಾತು. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಸಿದ್ಧಾಂತವನ್ನು ಕೇಳುತ್ತಾರೆ, ವಿಧಾನವನ್ನು ಕೇಳುತ್ತಾರೆ, ಪರಾಮರ್ಶನ ಗ್ರಂಥಗಳನ್ನು ಕೇಳುತ್ತಾರೆ. ಅವುಗಳ ಜೊತೆಗೆ, ‘ನಿಮಗೆ ತಮ್ಮ ಕಥೆ ಹೇಳಿದವರು ಈಗ ಎಲ್ಲಿದ್ದಾರೆ?’ ಎಂದು ಇನ್ನೊಂದು ಪ್ರಶ್ನೆಯನ್ನೂ ಕೇಳುವ ವಾಡಿಕೆ ಬರಲಿ. ಅದಕ್ಕೆ ಉತ್ತರ ಕೊಡಬಲ್ಲ ಅಭ್ಯರ್ಥಿ ಪದವಿಗೆ ಯೋಗ್ಯನೆಂದು ತಿಳಿಯಲು ನನಗೆ ಯಾವ ಸಂಕೋಚವೂ ಇಲ್ಲ.